ಮಾಸ್ತರರ ತೂಕಕ್ಕೆ ಯಾವ ತಕ್ಕಡಿ?

ಬೇಸಿಗೆ ಬಂತೆಂದರೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿ ಬರುತ್ತದೆ. ಜಿಲ್ಲೆಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸಿ ಒಂದೊಂದರ ಮುಂದೆ ಶೇಕಡಾ ಇಷ್ಟು ಎಂದು ಬರೆದ ಆ ಪಟ್ಟಿಯಲ್ಲಿ ನಮ್ಮ ಬಾಗಲಕೋಟೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುವದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಜಿಲ್ಲೆಯ ಪಟ್ಟಿ ತಾಲೂಕಿಗೆ ಇಳಿಯುತ್ತದೆ, ತಾಲೂಕಿನದು ಶಾಲೆಗೆ, ಶಾಲೆಯದು ವಿಷಯಕ್ಕೆ. ಕೊನೆಗೆ ಅದು ಬಂದು ನಿಲ್ಲುವದು ಯಾರೋ ಒಬ್ಬ ಗಣಿತದ ಮಾಸ್ತರರ ಅಥವಾ ಇಂಗ್ಲಿಷ್ ಕಲಿಸುವ ಅಕ್ಕೋರ ಮೇಜಿನ ಮೇಲೆ, ಕಾರಣ ಕೇಳುವ ನೋಟೀಸಿನ ರೂಪದಲ್ಲಿ. ಅವರು ಸಮಜಾಯಿಷಿ ಬರೆಯುತ್ತಾರೆ. ಅದು ಫೈಲು ಸೇರುತ್ತದೆ. ಶಾಲೆ ಮತ್ತೆ ತೆರೆಯುತ್ತದೆ, ಹೋದ ವರ್ಷ ಯಾರು ಹೇಗೆ ಕಲಿಸುತ್ತಿದ್ದರೋ ಈ ವರ್ಷವೂ ಹಾಗೆಯೇ ಕಲಿಸುತ್ತಾರೆ.

ಮಾಸ್ತರರ ಕೆಲಸವನ್ನು ಅಳೆಯಬಾರದು ಎನ್ನುವವರು ನಾವಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇವೆ, ಏಕೆಂದರೆ ಈ ಮಾತು ತೆಗೆದ ಕೂಡಲೇ ಒಂದು ಕಡೆಯವರು ನಮ್ಮನ್ನು ಸೋಮಾರಿಗಳ ವಕೀಲರೆಂದೂ ಇನ್ನೊಂದು ಕಡೆಯವರು ನೌಕರರ ವೈರಿಗಳೆಂದೂ ಕರೆಯುವದುಂಟು. ಉಳ್ಳವನ ಮಗುವಿಗೆ ಮಾಸ್ತರರು ಕೆಟ್ಟವರು ಸಿಕ್ಕರೆ ಟ್ಯೂಶನ್ ಇದೆ, ಬಸ್ಸಿನಲ್ಲಿ ಹೋಗುವ ಇನ್ನೊಂದು ಶಾಲೆ ಇದೆ. ಲೋಕಾಪುರದ ಹಮಾಲನ ಮಗಳಿಗೆ, ಮುದ್ದಾಪುರದ ಗಣಿಯಲ್ಲಿ ದುಡಿಯುವವನ ಮಗನಿಗೆ ಇರುವದು ಆ ಒಬ್ಬ ಮಾಸ್ತರರು ಮಾತ್ರ. ಅವರು ಕಲಿಸದಿದ್ದರೆ ಆ ಮಗು ಕಲಿಯುವದಿಲ್ಲ. ಹೀಗಿರುವಾಗ ಅಳತೆ ಬೇಕಾದದ್ದು ಎಲ್ಲರಿಗಿಂತ ಹೆಚ್ಚು ಬಡವರಿಗೇ. ಆದರೆ ಯಾವ ತಕ್ಕಡಿಯಿಂದ ತೂಗುವದು, ತಕ್ಕಡಿ ಯಾರ ಕೈಯಲ್ಲಿರಬೇಕು, ತೂಗಿದ ಮೇಲೆ ಏನು ಮಾಡುವದು, ಇದು ನಮ್ಮ ಪ್ರಶ್ನೆ.

ನಮ್ಮ ಭಾಗದ ರೈತನಿಗೆ ಇಂಥ ಪ್ರಶ್ನೆ ಹೊಸದಲ್ಲ. ಮುಧೋಳ ತಾಲೂಕೆಂದರೆ ಕಬ್ಬು. ಕೇಂದ್ರ ಸರಕಾರ ಕಬ್ಬಿಗೆ ದರ ಕಟ್ಟುವದು ಸಕ್ಕರೆಯ ಇಳುವರಿಯನ್ನು ನೋಡಿ. ಈಗ ಶೇ 10.25ನ್ನು ಮೂಲವಾಗಿ ಹಿಡಿಯುತ್ತಾರೆ. ಆದರೆ ಆ ಒಂದು ಅಂಕಿಯಲ್ಲಿ ಏನೆಲ್ಲ ಅಡಗಿದೆ! ಮಣ್ಣು ಇದೆ, ನೀರು ಇದೆ, ತಳಿ ಇದೆ, ಕಟಾವಾದ ಕಬ್ಬು ಕಾರಖಾನೆಯ ಬಾಗಿಲಲ್ಲಿ ಬಿಸಿಲಿಗೆ ಒಣಗಿದ ದಿನಗಳಿವೆ, ಕಾರಖಾನೆಯ ಯಂತ್ರದ ಯೋಗ್ಯತೆಯೂ ಇದೆ. ಅಷ್ಟೂ ಸೇರಿ ಬಂದ ಅಂಕಿಯನ್ನು ರೈತನ ಹೆಸರಿಗೆ ಬರೆಯುತ್ತಾರೆ. ಅಳೆಯುವವರೂ ಕೊಳ್ಳುವವರೂ ಒಬ್ಬರೇ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿಯೂ ಮುಧೋಳದಲ್ಲಿಯೂ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದಾಗ ದರದಷ್ಟೇ ಜೋರಾಗಿ ಇಳುವರಿಯ ಜಗಳವೂ ನಡೆಯಿತು. ಇದನ್ನು ಬಲ್ಲ ಜನರು ಶಾಲೆಯ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬುವದು ಏಕೆ?

ಹತ್ತನೆಯ ಇಯತ್ತೆಯ ಶೇಕಡಾ ಅಂಕಿಯನ್ನು ಬಿಡಿಸಿ ನೋಡೋಣ. ಹೈಸ್ಕೂಲಿನ ಮಾಸ್ತರರ ಕೈಗೆ ಹುಡುಗ ಬರುವದು ಎಂಟನೆಯ ಇಯತ್ತೆಗೆ. ಅಷ್ಟರೊಳಗೆ ಏಳು ವರ್ಷ ಬೇರೆಯವರು ಕಲಿಸಿದ್ದಾರೆ, ಅಥವಾ ಕಲಿಸಿಲ್ಲ. ಕೆಲವರು ಕನ್ನಡವನ್ನೇ ತಡವರಿಸಿ ಓದುತ್ತ ಬರುತ್ತಾರೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಾಜರಿ ಪುಸ್ತಕದಲ್ಲಿ ತೂತು ಬೀಳುತ್ತವೆ; ಕಡಿಯುವ ಗ್ಯಾಂಗಿನವರ ಮಕ್ಕಳ ಮಾತಂತೂ ಬೇರೆಯೇ, ಅವರು ಯಾವ ಪಟ್ಟಿಯಲ್ಲಿಯೂ ಇಲ್ಲ. ಮಾಸ್ತರರ ಖುರ್ಚಿಗಳು ಖಾಲಿ ಇವೆ. 2025-26ಕ್ಕೆ ಸರಕಾರ ರಾಜ್ಯದ ಪ್ರಾಥಮಿಕ, ಪ್ರೌಢ ಶಾಲೆಗಳಿಗೆ ಸುಮಾರು 51,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಒಪ್ಪಿತು. ಅತಿಥಿ ಎಂಬ ಹೆಸರು ಮರ್ಯಾದೆಯದು, ಸಂಬಳ ಮಾತ್ರ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ. ಮಾರ್ಚಿನಲ್ಲಿ ಹೋಗುವ ಅತಿಥಿಗೆ ಮೇ ತಿಂಗಳ ನೋಟೀಸು ಯಾರು ಕೊಡುತ್ತಾರೆ?

ಇನ್ನು ಇದ್ದ ಮಾಸ್ತರರ ದಿನಗಳು. 2025ರ ಸಪ್ಟಂಬರ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಸರಕಾರಿ ಮಾಸ್ತರರೇ ಗಣತಿದಾರರು. ಕೆಲಸ ಮುಗಿಯದೆ ದಸರೆಯ ರಜೆಯನ್ನು ಅಕ್ಟೋಬರ 18ರ ತನಕ ಎಳೆಯಬೇಕಾಯಿತು. ಇಂಥ ಸಮೀಕ್ಷೆ ಬೇಕೇ ಬೇಕು ಎಂದು ಹೇಳುತ್ತ ಬಂದವರು ನಾವು, ಈಗಲೂ ಅದನ್ನೇ ಹೇಳುತ್ತೇವೆ. ಆದರೆ ಅದನ್ನು ಮಾಡಲು ಬಡ ಮಕ್ಕಳ ಮಾಸ್ತರರನ್ನೇ ಕರೆದೊಯ್ಯಬೇಕೇ? 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಆಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದೆನ್ನುತ್ತದೆ. ಖಾಸಗಿ ಶಾಲೆಯಲ್ಲಿ ಆ ದಿನಗಳಲ್ಲಿ ಪಾಠ ನಡೆದವು. ಬೇಸಿಗೆಯಲ್ಲಿ ಎರಡೂ ಶಾಲೆಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸುತ್ತಾರೆ.

ಪಟ್ಟಿ ನಂಬಲರ್ಹವೇ ಎಂಬ ಪ್ರಶ್ನೆಗೆ 2024ನೆಯ ಇಸವಿಯೇ ಉತ್ತರ ಹೇಳಿತು. ಆ ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು ಕಚೇರಿಯಲ್ಲಿ ಕುಳಿತು ನೋಡುವ ವ್ಯವಸ್ಥೆ ಮಾಡಿದರು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94, ಯಾದಗಿರಿ ಶೇ 50.59. ಒಂದೇ ವರ್ಷದಲ್ಲಿ ರಾಜ್ಯದ ಮಾಸ್ತರರೆಲ್ಲ ಕೆಟ್ಟುಹೋದರೆಂದು ಯಾರೂ ಹೇಳಲಾರರು. ಮೊದಲಿನ ಅಂಕಿಗಳೇ ಉಬ್ಬಿದವಾಗಿದ್ದವು. ಶೇಕಡಾ ಕಡಿಮೆಯಾದರೆ ಮೇಲಿನವರು ಕೆಳಗಿನವರನ್ನು ಹಿಡಿಯುತ್ತಾರೆಂದು ಗೊತ್ತಾದ ಮೇಲೆ ಶೇಕಡಾ ಬೆಳೆಯುತ್ತದೆ, ಕಲಿಕೆ ಬೆಳೆಯಬೇಕಾಗಿಲ್ಲ. ಮಾಸ್ತರರೊಬ್ಬರೇ ಇದರ ಪಾಲುಗಾರರಲ್ಲ. ಸಭೆ ಕರೆದು ‘ಈ ವರ್ಷ ಇಷ್ಟು ಆಗಲೇಬೇಕು’ ಎಂದು ಗುರಿ ಕೊಡುವ ಸಾಹೇಬರೂ ಪಾಲುಗಾರರೇ.

ಅದೇ 2024ರಲ್ಲಿ ನಮ್ಮ ಮುಧೋಳ ತಾಲೂಕಿನ ಒಂದು ಸರಕಾರಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ಪಡೆದು ರಾಜ್ಯಕ್ಕೆ ಮೊದಲಿಗಳಾದಳು. ಇಡೀ ಸೀಮೆಗೆ ಹೆಮ್ಮೆಯ ಮಾತು, ಆ ಶಾಲೆಯ ಮಾಸ್ತರರಿಗೆ ನಮ್ಮ ನಮಸ್ಕಾರ. ಆದರೆ ಅಂಥ ಶಾಲೆಗೆ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಬರುತ್ತಾರೆ, ಅಲ್ಲಿಯೇ ಉಂಡು ಅಲ್ಲಿಯೇ ಓದುತ್ತಾರೆ. ಹತ್ತಿರದ ಹಳ್ಳಿಯ ಹೈಸ್ಕೂಲಿನ ಮಾಸ್ತರರು ಸಂಜೆ ಐದಕ್ಕೆ ಬೀಳ್ಕೊಟ್ಟ ಹುಡುಗಿ ಮನೆಗೆ ಹೋಗಿ ಎಮ್ಮೆ ಕಟ್ಟಿ ರೊಟ್ಟಿ ಬಡಿಯುತ್ತಾಳೆ. ಆ ಮಾಸ್ತರರು ಶೇ 30 ಬಲ್ಲ ಹುಡುಗಿಯನ್ನು ಶೇ 55ಕ್ಕೆ ತಂದಿದ್ದರೆ ಅದು ದೊಡ್ಡ ಕೆಲಸ. ನಮ್ಮ ಪಟ್ಟಿಗೆ ಈ ಕೆಲಸ ಕಾಣುವ ಕಣ್ಣಿಲ್ಲ, ಏಕೆಂದರೆ ಹುಡುಗಿ ಎಲ್ಲಿಂದ ಹೊರಟಳೆಂಬದನ್ನು ಅದು ಬರೆದುಕೊಂಡೇ ಇಲ್ಲ.

ಫಲಿತಾಂಶ ನೋಡಿ ರೊಕ್ಕ ಕೊಡುವ ಈ ಬುದ್ಧಿ ಹೊಸದೇನೂ ಅಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಇದನ್ನು ಕಾನೂನು ಮಾಡಿದ. ಇನ್ಸ್‌ಪೆಕ್ಟರ ಬಂದು ಪರೀಕ್ಷಿಸಬೇಕು. ಮಗು ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದೊಂದರಲ್ಲಿ ತಪ್ಪಿದರೂ ಶಾಲೆಗೆ ಬರುವ ಹಣದಲ್ಲಿ 2 ಶಿಲಿಂಗು 8 ಪೆನ್ಸು ಮುರಿಯಬೇಕು. ಅದೇ ದಶಕದಲ್ಲಿ ನಮ್ಮ ಮುಂಬಯಿ ಇಲಾಖೆಯ ಅನುದಾನಿತ ಶಾಲೆಗಳಿಗೂ ಅದು ಬಂತು. ಪುಸ್ತಕವನ್ನು ತಲೆಕೆಳಗೆ ಹಿಡಿದರೂ ಸರಾಗ ‘ಓದುವ’ ಮಕ್ಕಳ ಕಥೆ ಆ ಕಾಲದ ಶಾಲಾ ವೃತ್ತಾಂತಗಳಲ್ಲಿ ಪ್ರಸಿದ್ಧ. ಸ್ವತಃ ಇನ್ಸ್‌ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ತನ್ನ ವರದಿಗಳಲ್ಲಿ ಇದನ್ನು ವಿರೋಧಿಸುತ್ತ ಬಂದ. ಆ ಶತಮಾನ ಮುಗಿಯುವದರೊಳಗೆ ಇಂಗ್ಲೆಂಡು ಇದನ್ನು ಕೈಬಿಟ್ಟಿತು.

ಇನ್ಸ್‌ಪೆಕ್ಟರರೆಲ್ಲ ರೊಕ್ಕ ಮುರಿಯುವವರಾಗಿದ್ದರೆಂದಲ್ಲ. ಈ ಸೀಮೆಯಲ್ಲಿ ಕನ್ನಡ ಶಾಲೆ ನಿಂತದ್ದೇ ಒಬ್ಬ ಇನ್ಸ್‌ಪೆಕ್ಟರರಿಂದ. ಮರಾಠಿ ಶಾಲೆಗಳಲ್ಲಿ ಕನ್ನಡದ ಮಕ್ಕಳು ಬಾಯಿ ಮುಚ್ಚಿ ಕೂಡ್ರುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆದರು. ಹುದ್ದೆಯ ಹೆಸರೇ ಅವರ ಹೆಸರಾಗಿ ಉಳಿಯಿತು. ಅವರು ಮಾಸ್ತರರನ್ನು ತಯಾರು ಮಾಡುವ ಶಾಲೆಯನ್ನೂ ನಡೆಸಿದವರು. ಎಂದರೆ, ತಪಾಸಣೆ ಮಾಡುವ ಮನುಷ್ಯ ಪಾಠ ಮಾಡಿ ತೋರಿಸಬಲ್ಲವನಾಗಿದ್ದ. ಮುಂದೆ ಬಂದವರೆಲ್ಲ ಚನ್ನಬಸಪ್ಪನವರಾಗಲಿಲ್ಲವೆಂಬದು ಸರಿಯೇ. ಮುಲ್ಕಿ ಪರೀಕ್ಷೆಯ ಕಾಲದ ಹಿರಿಯರು ಹೇಳುವ ದೀಪೋಟಿ ಸಾಹೇಬರ ಕಥೆಗಳಲ್ಲಿ ಕೋಳಿ, ತುಪ್ಪಗಳೂ ಬರುತ್ತವೆ. ಆದರೂ ಸಾಹೇಬರು ವರ್ಗದಲ್ಲಿ ಕೂಡ್ರುತ್ತಿದ್ದರು, ಮಕ್ಕಳನ್ನು ಕೇಳುತ್ತಿದ್ದರು, ಹೋಗುವಾಗ ಶೇರೆ ಪುಸ್ತಕದಲ್ಲಿ ಶೇರಾ ಬರೆಯುತ್ತಿದ್ದರು.

ಆ ಶೇರೆಯ ಗತಿ ಏನಾಯಿತು ನೋಡಿ. ಅದು ಈಗ ‘ಪಾಠ ತೃಪ್ತಿಕರ’, ‘ಸುಧಾರಣೆ ಅವಶ್ಯ’, ‘ನಿಧಾನ ಕಲಿಕೆಯ ಮಕ್ಕಳ ಕಡೆ ಗಮನ ಕೊಡಿ’ ಎಂಬ ಮೂರು ನಾಲ್ಕು ಮಾತುಗಳಲ್ಲಿ ಮುಗಿಯುತ್ತದೆ. ತರಬೇತಿಯ ಪುಸ್ತಕಗಳಲ್ಲಿ ಇದಕ್ಕೆ ಹಿಮ್ಮಾಹಿತಿ ಎಂಬ ಭಾರಿ ಹೆಸರಿದೆ. ಹೆಸರು ಬೆಳೆದಂತೆ ವಸ್ತು ಸೊರಗಿದೆ. ನಾವಂತೂ ಅದನ್ನು ಮರುಮಾತು ಎಂದೇ ಕರೆಯುತ್ತೇವೆ. ‘ಸುಧಾರಣೆ ಅವಶ್ಯ’ ಎಂಬ ಮಾತಿನಿಂದ ಯಾವ ಮಾಸ್ತರರು ಮರುದಿನ ಏನು ಬದಲು ಮಾಡಿಯಾರು?

ಮರುಮಾತು ಹೇಗಿರಬೇಕೆಂಬದಕ್ಕೆ ಒಂದು ಸಾದಾ ಉದಾಹರಣೆ ತೆಗೆದುಕೊಳ್ಳೋಣ. ಐದನೆಯ ಇಯತ್ತೆಯಲ್ಲಿ ಭಾಗಾಕಾರ ನಡೆದಿದೆ. 612ನ್ನು 6ರಿಂದ ಭಾಗಿಸಬೇಕು. ಉತ್ತರ 102. ಮಾಸ್ತರರು ಹಲಗೆಯ ಮೇಲೆ ಚೆನ್ನಾಗಿ ಮಾಡಿ ತೋರಿಸುತ್ತಾರೆ, ಮುಂದಿನ ಸಾಲಿನ ನಾಲ್ಕು ಮಕ್ಕಳು ಕೂಡಿ ಉತ್ತರ ಹೇಳುತ್ತಾರೆ, ಮಾಸ್ತರರಿಗೆ ಸಮಾಧಾನ. ಹಿಂದಿನ ಸಾಲಿನಲ್ಲಿ ಕುಳಿತು ನೋಡಿದವನಿಗೆ ಬೇರೆಯೇ ಕಾಣುತ್ತದೆ: ಅರ್ಧ ವರ್ಗ 12 ಎಂದು ಬರೆದಿದೆ. ಒಂದರಲ್ಲಿ ಆರು ಹೋಗುವದಿಲ್ಲ, ಆದ್ದರಿಂದ ಎರಡನ್ನು ಇಳಿಸಿಕೊಂಡರು; ಹೋಗದ ಜಾಗಕ್ಕೆ ಸೊನ್ನೆ ಇಡಬೇಕೆಂಬದು ಅವರಿಗೆ ತಿಳಿದಿಲ್ಲ. ಹಲಗೆಯ ಕಡೆ ಮುಖ ಮಾಡಿದ ಮಾಸ್ತರರಿಗೆ ಇದು ಕಾಣುವ ಸಂಭವವಿಲ್ಲ. ಅದು ಅವರ ಸೋಮಾರಿತನವಲ್ಲ. ಒಬ್ಬ ಮನುಷ್ಯನಿಗೆ ಬೆನ್ನಿಗೆ ಕಣ್ಣಿರುವದಿಲ್ಲ. ಈಗ ನೋಡಿದವನು ಪಾಠ ಮುಗಿದ ಮೇಲೆ ಮಾಸ್ತರರ ಜೊತೆ ಹತ್ತು ನಿಮಿಷ ಕುಳಿತು ಹೇಳಬೇಕಾದದ್ದು ಇಷ್ಟೆ: ಇಂತಿಷ್ಟು ಮಕ್ಕಳು ಸೊನ್ನೆ ಬಿಟ್ಟಿದ್ದಾರೆ, ನಾಳೆ ಲೆಕ್ಕ ಶುರು ಮಾಡುವ ಮೊದಲು, ಆರು ನೂರು ರೂಪಾಯಿ ಆರು ಮಂದಿಗೆ ಹಂಚಿದರೆ ಒಬ್ಬೊಬ್ಬನಿಗೆ ಹನ್ನೆರಡೇ ಬಂದೀತೇ ಎಂದು ಕೇಳಿ ನೋಡಿರಿ, ಹದಿನೈದು ದಿನಕ್ಕೆ ನಾನು ಮತ್ತೆ ಬರುತ್ತೇನೆ, ಅದೇ ಮಕ್ಕಳ ಪಾಟಿ ನೋಡೋಣ.

ಮರಳಿ ಬರುವದೇ ಇದರಲ್ಲಿ ಮುಖ್ಯ. ಮರಳಿ ಬಾರದವನ ಶೇರಾ ದಾರಿಹೋಕನ ಸಲಹೆಯಿದ್ದಂತೆ.

ಈ ಕೆಲಸಕ್ಕೆ ಜನರಿಲ್ಲವೇ? ಇದ್ದಾರೆ. ಸಮೂಹ ಸಂಪನ್ಮೂಲ ವ್ಯಕ್ತಿ, ಸಿ.ಆರ್.ಪಿ. ಎಂಬ ಹುದ್ದೆ ಹುಟ್ಟಿದ್ದೇ ಇದಕ್ಕಾಗಿ. ಹತ್ತರಿಂದ ಹದಿನೆಂಟು ಶಾಲೆಗಳ ಒಂದು ಸಮೂಹಕ್ಕೆ ಒಬ್ಬರು. ಅವರೂ ಮಾಸ್ತರರಲ್ಲಿಯೇ ಒಬ್ಬರು. ಶಾಲೆಗೆ ಹೋಗಿ ಪಾಠ ನೋಡಿ ಬೆಂಬಲ ಕೊಡುವದು ಅವರ ಧರ್ಮ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಾಗಿಲ್ಲ. ಆದರೆ ಸಿ.ಆರ್.ಪಿ. ಈಗ ಯಾವ ಕೆಲಸದಲ್ಲಿದ್ದಾರೆ? ಹಾಲಿನ ಪುಡಿ ಎಷ್ಟು ಬಂತು, ಮೊಟ್ಟೆ ಎಷ್ಟು ಹಂಚಿದಿರಿ, ಸಮವಸ್ತ್ರ ಮುಟ್ಟಿತೇ, ಮಕ್ಕಳ ಆಧಾರ್ ಸಂಖ್ಯೆ ಕೂಡಿಸಿದಿರೇ, ಇಂದು ಸಂಜೆ ನಾಲ್ಕರೊಳಗೆ ಮಾಹಿತಿ ಕಳಿಸಿರಿ! ಮೊಬೈಲಿನಲ್ಲಿ ಮಾಹಿತಿ ಬೇಡುವ ತಲಾಟಿಯನ್ನಾಗಿ ನೌಕರಶಾಹಿ ಅವರನ್ನು ಮಾಡಿಬಿಟ್ಟಿದೆ. ಶಾಲೆಗೆ ಹೋದರೂ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕುಳಿತು ರಜಿಸ್ಟರು ನೋಡಿ ಬರುವಷ್ಟೇ ವೇಳೆ. ಇದಕ್ಕಾಗಿ ನಾವು ಸಿ.ಆರ್.ಪಿ.ಗಳನ್ನು ದೂರುವದಿಲ್ಲ.

ನಮ್ಮ ವಾದಕ್ಕೆ ಎದುರಾದ ಒಂದು ಪ್ರಮಾಣವಿದೆ. ಅದನ್ನು ಮುಚ್ಚಿಟ್ಟು ಮಾತಾಡುವದು ಪ್ರಾಮಾಣಿಕತೆಯಲ್ಲ. 2005ರಿಂದ ಆಂಧ್ರ ಪ್ರದೇಶದ ಹಳ್ಳಿಯ ಸರಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿದರು. ಕೆಲವು ಶಾಲೆಗಳಲ್ಲಿ, ಮಕ್ಕಳ ಅಂಕಗಳು ಹೋದ ಸಲಕ್ಕಿಂತ ಎಷ್ಟು ಏರಿದವೆಂಬದನ್ನು ನೋಡಿ ಮಾಸ್ತರರಿಗೆ ಬೋನಸ್ ಕೊಟ್ಟರು. ಬೇರೆ 100 ಶಾಲೆಗಳಲ್ಲಿ ಬೋನಸ್ ಇಲ್ಲ. ಮಕ್ಕಳಿಗೆ ಪರೀಕ್ಷೆ ಮಾಡಿ ಯಾರು ಎಲ್ಲಿ ತಪ್ಪುತ್ತಾರೆಂಬ ವಿವರವಾದ ವರದಿಯನ್ನು ಮಾಸ್ತರರ ಕೈಗೆ ಕೊಟ್ಟರು, ಆಗಾಗ ಹೋಗಿ ವರ್ಗ ನೋಡಿದರು. ಬೋನಸ್ ಕೊಟ್ಟಲ್ಲಿ ಕಲಿಕೆ ಏರಿತು. ವರದಿ ಕೊಟ್ಟಲ್ಲಿ, ನೋಡುವವರು ಬಂದಾಗ ಮಾಸ್ತರರು ಹೆಚ್ಚು ಚುರುಕಾಗಿ ಕಲಿಸಿದ್ದು ಕಂಡುಬಂತು, ಆದರೆ ವರ್ಷದ ಕೊನೆಗೆ ಮಕ್ಕಳ ಅಂಕ ಬೇರೆ ಶಾಲೆಗಳಿಗಿಂತ ಹೆಚ್ಚಾಗಲಿಲ್ಲ.

ಬೋನಸ್ಸಿನ ಪಕ್ಷದವರು ಇದನ್ನು ಹಿಡಿದು ಕುಣಿಯುವದು ಸಹಜ. ನಾವು ಇದನ್ನು ಓದುವ ಬಗೆ ಬೇರೆ. ಅಲ್ಲಿ ಅಳೆದದ್ದು ಮಗು ಎಲ್ಲಿಂದ ಎಲ್ಲಿಗೆ ಬಂತೆಂಬದನ್ನು, ನಮ್ಮ ಪಟ್ಟಿಯಂತೆ ಎಷ್ಟು ಮಂದಿ ಪಾಸಾದರೆಂಬದನ್ನಲ್ಲ. ಪರೀಕ್ಷೆ ನಡೆಸಿದವರು ಹೊರಗಿನವರು, ಮೇಲೆ ಗುರಿ ಇಟ್ಟುಕೊಂಡ ಸಾಹೇಬರಲ್ಲ. ತಪ್ಪಿದರೆ ನೋಟೀಸೂ ಇರಲಿಲ್ಲ. ಆ ಬೋನಸ್ಸಿನ ಅರ್ಧದಷ್ಟು ನ್ಯಾಯವೂ ನಮ್ಮ ಪಟ್ಟಿಯಲ್ಲಿಲ್ಲ. ಇನ್ನು ವರದಿಯ ಮಾತು. ಕಾಗದವೊಂದನ್ನು ಕೈಗಿತ್ತು, ಹಿಂದೆ ಕುಳಿತು ಟಿಪ್ಪಣಿ ಮಾಡಿಕೊಂಡು ಹೋದರೆ ಮಾಸ್ತರರು ಬದಲಾಗುವದಿಲ್ಲವೆಂದು ಆ ಪ್ರಯೋಗ ತೋರಿಸಿತು. ಇದನ್ನೇ ನಾವೂ ಹೇಳುತ್ತಿರುವದು. ನೋಡಿ ಹೋಗುವದು ಮರುಮಾತಲ್ಲ. ಜೊತೆಗೆ ಕುಳಿತು ಉಪಾಯ ಹುಡುಕಿ, ಅದು ನಡೆಯಿತೋ ಇಲ್ಲವೋ ಎಂದು ಮತ್ತೆ ಬಂದು ನೋಡಬೇಕು.

ಅಮೇರಿಕೆಯಲ್ಲಿ ಗೇಟ್ಸ್ ಪ್ರತಿಷ್ಠಾನದವರು 2009ರಿಂದ ಸುಮಾರು 3,000 ಮಾಸ್ತರರನ್ನು ಹಿಡಿದು ಅಳತೆಯ ದೊಡ್ಡ ಶೋಧ ಮಾಡಿದರು. ಒಬ್ಬನೇ ಒಬ್ಬ ಒಂದೇ ಪಾಠ ನೋಡಿ ಕೊಡುವ ತೀರ್ಪು ನಂಬಲಾಗದು, ಬೇರೆ ಬೇರೆ ಪಾಠಗಳನ್ನು ಬೇರೆ ಬೇರೆಯವರು ನೋಡಬೇಕು, ಮಕ್ಕಳನ್ನೂ ಕೇಳಬೇಕು ಎಂದು ಅದರಲ್ಲಿ ತಿಳಿಯಿತು. ಇಷ್ಟು ಒಳ್ಳೆಯದೇ. ಆದರೆ ಇಂಥ ಅಳತೆಯನ್ನೇ ಸಂಬಳಕ್ಕೂ ಕೆಲಸದಿಂದ ತೆಗೆಯುವದಕ್ಕೂ ಜೋಡಿಸಿದ ಇನ್ನೊಂದು ಯೋಜನೆಗೆ ಸುಮಾರು 57 ಕೋಟಿ 50 ಲಕ್ಷ ಡಾಲರು ಖರ್ಚಾಯಿತು. 2018ರಲ್ಲಿ ರ‍್ಯಾಂಡ್ ಸಂಸ್ಥೆಯ ವರದಿ ಬಂದಾಗ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಸಿಗಲಿಲ್ಲ, ಬಹುತೇಕ ಮಾಸ್ತರರಿಗೆ ಒಳ್ಳೆಯ ದರ್ಜೆಯೇ ಬಿದ್ದಿತ್ತು. ತಲೆಯ ಮೇಲೆ ಕತ್ತಿ ತೂಗಿಸಿದರೆ ನೋಡುವವನೂ ನೋಡಿಸಿಕೊಳ್ಳುವವನೂ ಸುಳ್ಳು ಹೇಳುತ್ತಾರೆ. ಕ್ಯಾಮೆರಾ ಇಲ್ಲದ ನಮ್ಮ ಪರೀಕ್ಷೆಯ ಕೋಣೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ನಮ್ಮ ರಾಜ್ಯದಲ್ಲಿಯೇ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಮಾಸ್ತರರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂಡಿ ಕುಳಿತು ಕಾರ್ಡು ಬರೆದು, ವರ್ಗದಲ್ಲಿ ಬಳಸಿ, ತಿದ್ದಿ ನಲಿಕಲಿಯನ್ನು ಕಟ್ಟಿದರು. ಒಬ್ಬರ ತಪ್ಪು ಇನ್ನೊಬ್ಬರಿಗೆ ಪಾಠವಾಯಿತು, ಅಂಜಿಕೆ ಇರಲಿಲ್ಲ. 2009ರ ಹೊತ್ತಿಗೆ ಸರಕಾರ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. ಕಾರ್ಡುಗಳು ಲೋಕಾಪುರಕ್ಕೂ ಬಂದವು, ಕೂಡಿ ಕುಳಿತು ತಿದ್ದುವ ರೂಢಿಯನ್ನು ಸುತ್ತೋಲೆಯಲ್ಲಿ ಸುತ್ತಿ ಕಳಿಸಲು ಆಗಲಿಲ್ಲ.

ಮಾಸ್ತರರ ಸಂಘದವರಿಗೂ ನಮ್ಮದೊಂದು ಮಾತಿದೆ. ವರ್ಗಾವಣೆಗೆ, ಪಿಂಚಣಿಗೆ ನೀವು ಹೋರಾಡುತ್ತೀರಿ, ನ್ಯಾಯವೇ. ಆದರೆ ವರ್ಷಗಟ್ಟಲೆ ಕಲಿಸದೆ ಹಾಜರಿ ಹಾಕಿ ಹೋಗುವವನು ನಿಮ್ಮ ನಡುವೆ ಯಾರೆಂದು ಊರಿಗೆಲ್ಲ ಗೊತ್ತು, ನಿಮಗೆ ಇನ್ನೂ ಚೆನ್ನಾಗಿ ಗೊತ್ತು. ಅವನನ್ನು ಸಂಘದ ಸೆರಗಿನಲ್ಲಿ ಮುಚ್ಚಿಟ್ಟಷ್ಟು ದಿನ ದುಡಿಯುವ ಮಾಸ್ತರರ ಮೇಲೂ ನೋಟೀಸು ಬೀಳುತ್ತಲೇ ಇರುತ್ತದೆ. ನಿಮ್ಮ ಕೆಲಸವನ್ನು ನಿಮ್ಮವರೇ ನೋಡುವ ವ್ಯವಸ್ಥೆಯನ್ನು ನೀವೇ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಕ್ಯಾಮೆರಾ ಪರೀಕ್ಷೆಯ ಕೋಣೆಯಿಂದ ನಿಮ್ಮ ವರ್ಗಕ್ಕೆ ಬರಲು ತಡವಿಲ್ಲ.

ಶಿಕ್ಷಣ ಇಲಾಖೆ ಈ ಜೂನ್ ತಿಂಗಳಿನಿಂದಲೇ ಲೋಕಾಪುರದ ಸಮೂಹದಲ್ಲಿ ಒಂದು ವರ್ಷದ ಮಟ್ಟಿಗೆ ಇದನ್ನು ಮಾಡಿ ನೋಡಲಿ ಎಂದು ನಾವು ಕೇಳುತ್ತೇವೆ. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಲಿಕ್ಕಿಲ್ಲ, ಮುಧೋಳದ ಕಚೇರಿಯ ಮನಸ್ಸು ಸಾಕು. ಸಿ.ಆರ್.ಪಿ.ಗೆ ವಾರದಲ್ಲಿ ನಾಲ್ಕು ದಿನ ಯಾವ ಮಾಹಿತಿಯನ್ನೂ ಕೇಳಕೂಡದು. ಆ ನಾಲ್ಕು ದಿನ ಅವರು ವರ್ಗದ ಹಿಂದಿನ ಸಾಲಿನಲ್ಲಿರಬೇಕು. ಒಬ್ಬೊಬ್ಬ ಮಾಸ್ತರರ ಪಾಠವನ್ನು ವರ್ಷದಲ್ಲಿ ನಾಲ್ಕು ಸಲವಾದರೂ ನೋಡಬೇಕು, ಎರಡು ಸಲ ಸಿ.ಆರ್.ಪಿ., ಎರಡು ಸಲ ನೆರೆಯ ಶಾಲೆಯ ಅದೇ ವಿಷಯದ ಮಾಸ್ತರರು. ಅತಿಥಿ ಶಿಕ್ಷಕರನ್ನು ಬಿಡಕೂಡದು. ಮರುಮಾತಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಅವರಿಗಿದೆ. ಶೇರೆ ಪುಸ್ತಕ ಮಾಸ್ತರರ ಹತ್ತಿರವೇ ಉಳಿಯಬೇಕು. ನೋಟೀಸಿಗೆ, ಬಡ್ತಿಗೆ ಅದನ್ನು ಆಧಾರ ಮಾಡಬಾರದು. ಕಲಿಸದೆ ಇರುವವನ ಶಿಸ್ತಿನ ವಿಚಾರಣೆಗೆ ಬೇರೆ ಫೈಲು, ಬೇರೆ ಅಧಿಕಾರಿ ಇರಲಿ. ಎಂಟನೆಯ ಇಯತ್ತೆಗೆ ಬಂದ ಪ್ರತಿ ಮಗುವಿನ ಓದು ಮತ್ತು ಲೆಕ್ಕವನ್ನು ಜೂನಿನಲ್ಲಿಯೇ ನೋಡಿ ಬರೆದಿಡಬೇಕು, ಹತ್ತನೆಯ ಇಯತ್ತೆಯ ಪಟ್ಟಿಯ ಪಕ್ಕದಲ್ಲಿ ಆ ಅಂಕಿಯನ್ನೂ ಅಚ್ಚು ಹಾಕಬೇಕು. ಶಾಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ತಾಯಂದಿರಿಗೆ ಅದನ್ನು ಓದಿ ಹೇಳಬೇಕು. ಸಭೆ ಸಂತೆಯ ದಿನ ಇಡಬೇಡಿರಿ, ಯಾರೂ ಬರುವದಿಲ್ಲ.